ಆಳುದ್ದ ಬಿಟ್ಟು ಕಡೀರಿ

ಮಂಗಳವಾರ, ಬೆಳಿಗ್ಗೆ ಐದೂಮುಕ್ಕಾಲು. ಗರಗಸದ ಪಟ್ಟಿ ಹರಿದಿದೆ.

ತಗಡಿನ ಶೆಡ್ಡಿನೊಳಗೆ ಯಂತ್ರ ನಿಂತಿದೆ. ಮರದ ಪುಡಿ ಇನ್ನೂ ಗಾಳಿಯಿಂದ ಕೆಳಗಿಳಿಯುತ್ತಿದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೂಗಿಗೆ ಕಟ್ಟಿದ ಬಟ್ಟೆ ಸರಿಸಿ, ದಿಮ್ಮಿಯ ಸೀಳಿನಲ್ಲಿ ಬೆರಳಾಡಿಸಿ ನೋಡುತ್ತಾರೆ. ಹಿಪ್ಪುನೇರಳೆಯ ಒಳಮೈ ಹಳದಿ. ಒಂದು ಕಡೆ ಮಾತ್ರ ಮಸಿ ಚೆಲ್ಲಿದಂತೆ ಕಪ್ಪುನೀಲಿ ಕಲೆ. ಕಬ್ಬಿಣ ಹೊಕ್ಕ ಮರ ಹೀಗೆ ಬಣ್ಣ ತಿರುಗುತ್ತದೆ. ಉಳಿಯಿಂದ ಕೆತ್ತಿದಾಗ ಹೊರಬರುವುದು ಒಂದು ಮೊಳೆ, ಅದಕ್ಕೆ ಅಂಟಿಕೊಂಡ ತಗಡಿನ ಚೂರು.

"ಮರ ಎಣಿಸೋಕೆ ಬಂದೋರು ಹೊಡೆದ ನಂಬರು ಇದು," ಎನ್ನುತ್ತಾರೆ ಆಕೆ. "ಎಣಿಸಿದ್ದೂ ಅವರೇ, ಕಡಿದಿದ್ದೂ ಅವರೇ. ಹರಿಯೋದು ಮಾತ್ರ ನನ್ನ ಪಟ್ಟಿ."

ಮೂಲೆಯಲ್ಲಿ ಅರ ಹಿಡಿದು ಇನ್ನೊಂದು ಪಟ್ಟಿಯ ಹಲ್ಲು ಮಸೆಯುತ್ತಿರುವ ಗಂಡ ತಲೆ ಎತ್ತುವುದಿಲ್ಲ. "ಹರಿಯೋಕೆ ಮುಂಚೆ ಕಿರ್ ಅಂತು. ನನಗೆ ಇಲ್ಲಿಗೇ ಕೇಳಿಸ್ತು."

"ಕೇಳಿಸಿದ್ರೆ ಬಾಯಿ ಬಿಡಬಾರದಿತ್ತಾ?"

"ಬಿಟ್ಟೆ. ಯಂತ್ರದ ಸದ್ದಲ್ಲಿ ನನ್ನ ಮಾತು ನಿನಗೆಲ್ಲಿ ಕೇಳುತ್ತೆ? ಸದ್ದಿಲ್ಲದಾಗಲೂ ಕೇಳಲ್ಲ."

ಆಕೆ ನಗುತ್ತಲೇ ಮೊಳೆಯನ್ನು ಡಬ್ಬಿಗೆ ಹಾಕುತ್ತಾರೆ. ಮರಗಳ ಹೊಟ್ಟೆಯಿಂದ ತೆಗೆದದ್ದೆಲ್ಲ ಆ ಡಬ್ಬಿಯಲ್ಲಿದೆ: ಜೋಕಾಲಿಯ ಕೊಕ್ಕೆ, ಬಟ್ಟೆ ಒಣಗಿಸುವ ತಂತಿ, ಸೈಕಲ್ ಚೈನಿನ ತುಂಡು, ಬೀಗವೊಂದು. ಹೆಚ್ಚಿನವು ಮಾತ್ರ ನಂಬರಿನ ಮೊಳೆಗಳೇ.

ಬೀದಿಯವರು ಈಕೆಯನ್ನು ಕರೆಯುವುದು ತುಂಡಕ್ಕ ಎಂದು. ಯಾರೂ ಕೊಯ್ಯಲೊಪ್ಪದ ಗಿಡ್ಡ ದಿಮ್ಮಿಗಳನ್ನು, ಅಂಗಳದ ಮರದ ತುಂಡುಗಳನ್ನು ಹಲಗೆ ಮಾಡಿಕೊಡುವವರು ಇವರೊಬ್ಬರೇ. ದೊಡ್ಡ ಮಿಲ್ಲಿನ ಯಂತ್ರ ಆಳುದ್ದಕ್ಕಿಂತ ಗಿಡ್ಡ ದಿಮ್ಮಿಯನ್ನು ಹಿಡಿಯುವುದಿಲ್ಲ. ಮನೆ ಮುಂದಿನ ಮರವೆಂದರೆ ಅಲ್ಲಿನವರು ಮೊಳೆಯ ಭಯಕ್ಕೆ ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. ತುಂಡಕ್ಕನ ಯಂತ್ರದಲ್ಲಿ ದಿಮ್ಮಿಯನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವುದು ಗುಜರಿಯಿಂದ ತಂದ ಎರಡು ಕಾರಿನ ಜಾಕಿಗಳು. ಅವಕ್ಕೆ ಮೊಳಕೈ ಉದ್ದದ ತುಂಡಾದರೂ ಸಾಕು. ಬೆಳಿಗ್ಗೆ ಐದರಿಂದ ಹತ್ತರವರೆಗೆ ಯಂತ್ರ ಓಡುತ್ತದೆ. ನಾಲ್ಕೈದು ದಿಮ್ಮಿ ಮುಗಿಯುತ್ತವೆ. ಬಳಿಕ ಪುಡಿ ಗುಡಿಸುವುದು, ಹಲಗೆಗಳ ನಡುವೆ ಗಾಳಿಯಾಡಲು ಮರದ ಪಟ್ಟಿ ಕೊಟ್ಟು ಅಟ್ಟಿ ಒಟ್ಟುವುದು.

ಗಂಡ ಹೆಂಡತಿ ಇಬ್ಬರೂ ಮೊದಲು ಇದ್ದದ್ದು ದೊಡ್ಡ ಮಿಲ್ಲಿನಲ್ಲೇ. ಅವರು ಗರಗಸ ನಡೆಸುವವರು, ಈಕೆ ಹಲಗೆ ಹೊರುವವರು. ಹೆಂಗಸರು ಗರಗಸದ ಹತ್ತಿರ ಸುಳಿಯಬಾರದು ಎಂಬ ನಿಯಮ ಅಲ್ಲಿತ್ತು. ಅದರ ಪುಡಿ ಕುಡಿಯಬಾರದು ಎಂಬ ನಿಯಮ ಇರಲಿಲ್ಲ. ಕೆಲಸ ಚುರುಕಾಗಲೆಂದು ಒಂದು ದಿನ ಮಾಲೀಕರು ಕೈ ತಾಗದಂತೆ ಗರಗಸಕ್ಕಿದ್ದ ಅಡ್ಡತಗಡನ್ನು ಬಿಚ್ಚಿಸಿದರು. ಅದೇ ವಾರ ಗಂಡನ ಎಡಗೈಯ ಮೂರು ಬೆರಳು ಹೋದವು. ಗಾಯ ಮಾಯುವ ಮೊದಲೇ ಕೆಲಸವೂ ಹೋಯಿತು. ಕೈಯನ್ನು ತಪ್ಪು ಜಾಗದಲ್ಲಿ ಇಟ್ಟದ್ದು ಅವರದೇ ತಪ್ಪು ಎಂದು ಮಿಲ್ಲು ಹೇಳಿತು. ಬಿಚ್ಚಿದ ತಗಡು ಏಕೆ ಸರಿಯಾದ ಜಾಗದಲ್ಲಿರಲಿಲ್ಲ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

"ನನಗೆ ಇವರು ಕಲಿಸಿದ್ದು ಬಾಯಲ್ಲೇ," ಎನ್ನುತ್ತಾರೆ ತುಂಡಕ್ಕ. "ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಹೇಳ್ತಿದ್ರು. ಮುಂದಕ್ಕೆ ಬಂದ್ರೆ ತಾವೇ ಮಾಡೋಕೆ ಹೋಗ್ತಿದ್ರಲ್ಲ."

ಹಾಗೆ ಕಲಿತ ಕೈಗೆ ಬರುವ ದಿಮ್ಮಿಗಳು ಒಂದೊಂದೂ ಒಂದೊಂದು ಮನೆಯವು. ಮಣಿಕಟ್ಟಿನಷ್ಟೇ ದಪ್ಪದ ಎಳೆಯ ಕಾಂಡವನ್ನು ತಂದೆಯೊಬ್ಬರು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಮಗು ಹುಟ್ಟಿದಾಗ ನೆಟ್ಟದ್ದು. ಮಗುವೂ ಇಲ್ಲ, ಗಿಡವೂ ಇಲ್ಲ. ಅದರಲ್ಲಿ ಫೋಟೋದ ಚೌಕಟ್ಟಿಗಾಗುವಷ್ಟು ಹಲಗೆ ಬಂತು. ದೊಡ್ಡ ಮಿಲ್ಲಿನಲ್ಲಿ ಆ ತಂದೆಗೆ ಸಿಕ್ಕ ಉತ್ತರ, "ಒಲೆಗೆ ಹಾಕಿ ಸ್ವಾಮಿ."

ಇವತ್ತಿನ ಹಿಪ್ಪುನೇರಳೆ ಬೀದಿಯ ಕೊನೆಯ ಮನೆಯ ದರ್ಜಿಯದು. ಆಕೆಯ ತಾಯಿ ನಲವತ್ತು ವರ್ಷ ಈ ಮರದ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಹುಡುಗಿಯರಿಗೆಲ್ಲ ಹೊಲಿಗೆ ಕಲಿಸಿದವರು. ಕಳೆದ ವರ್ಷ ತೀರಿಕೊಂಡರು. ಈ ವರ್ಷ ರಸ್ತೆ ಅಗಲ ಮಾಡುವವರು ಬಂದು ಮರ ಕಡಿದರು. ಅದೂ ಹೇಗೆ? ಲಾರಿಗೆ ಹೇರಲು ಸುಲಭವೆಂದು ಗಜಕ್ಕೊಂದರಂತೆ ತುಂಡು ಮಾಡಿ. ಎರಡು ಕೊಯ್ತ ಕಡಿಮೆ ಹಾಕಿದ್ದರೆ ಬೀದಿಗೆ ಎರಡು ಬೆಂಚು ಬರುತ್ತಿದ್ದವು. ಅದೇ ಬೀದಿಯ ಬಸ್ ತಂಗುದಾಣಕ್ಕೆ ಮರ ಕಡಿಸಿದ ಕಚೇರಿಯೇ ಹಾಕಿಸಿದ ಬೆಂಚು ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಒಂದೇ ಮಳೆಗೆ ಉಬ್ಬಿಕೊಂಡು ಕೂತಿದೆ.

ದರ್ಜಿಗೆ ಬೇಕಾಗಿರುವುದು ಒಂದು ಮೇಜು. "ಅಮ್ಮ ಜೀವನಪೂರ್ತಿ ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸಿದ್ಳು. ಕೊನೆಗೆ ಬೆನ್ನು ನೆಟ್ಟಗಾಗಲೇ ಇಲ್ಲ," ಎನ್ನುತ್ತಾರೆ ಆಕೆ. "ನನ್ನ ಹತ್ರ ಕಲಿಯೋ ಹುಡುಗೀರು ನಿಂತು ಕತ್ತರಿಸಲಿ. ಅದೂ ಅಮ್ಮನ ಮರದ ಮೇಲೇ."

ಲಾರಿ ಬರುವ ಮೊದಲು ಆಕೆ ಎರಡು ತುಂಡುಗಳನ್ನು ಮನೆಯೊಳಗೆ ಉರುಳಿಸಿಕೊಂಡಿದ್ದರು. ಆಮೇಲೆ ಪ್ರೀತಿ ಇರುವವರು ಮಾತ್ರ ಮಾಡುವ ತಪ್ಪು ಮಾಡಿದರು. ತೊಗಟೆ ಸುಲಿದು, ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಇಟ್ಟರು. ಹಸಿ ದಿಮ್ಮಿ ತುದಿಯಿಂದ ಬೇಗ ಒಣಗಿದರೆ ಬಿರಿಯುತ್ತದೆ. ಕಡಿದ ದಿನವೇ ಎರಡೂ ತುದಿಗೆ ಬಣ್ಣ ಬಳಿದು ನೆರಳಿಗೆ ಹಾಕಬೇಕು. ತುಂಡಕ್ಕ ನೋಡುವ ಹೊತ್ತಿಗೆ ಬಿರುಕು ಒಳಗೆ ಗೇಣುದ್ದ ಇಳಿದಿತ್ತು.

"ಜ್ವರ ಬಂದ ಮಗುನೂ ಯಾರೂ ಹೀಗೆ ನೋಡಿಕೊಳ್ಳಲ್ಲ ಕಣೇ," ಎಂದು ಶೆಡ್ಡಿಗೆ ಬಂದ ದರ್ಜಿಗೆ ಬೆಳಗಿನಿಂದ ತುಂಡಕ್ಕನ ಬೈಗುಳ ನಡೆದಿದೆ. "ಸ್ನಾನ ಮಾಡಿಸಿ ಗಾಳಿ ಬೇರೆ ಹಾಕಿದ್ದೀಯಾ!"

"ಅಮ್ಮನ ಮರ ಅಲ್ವಾಕ್ಕಾ. ಹುಳ ಹಿಡಿಯುತ್ತೇನೋ ಅಂತ..."

"ಹುಳ ಆಗಿದ್ರೆ ಒಂದಿಷ್ಟಾದ್ರೂ ಉಳಿಸಿರೋದು."

ಹೊಸ ಪಟ್ಟಿ ಏರಿಸಿ ಎಂಟು ಗಂಟೆಗೆ ಕೊಯ್ದು ಮುಗಿಸುತ್ತಾರೆ. ಬಿರುಕಿನ ಸೀಳು ಬಿಟ್ಟು ಅಕ್ಕಪಕ್ಕದಲ್ಲಿ ಉಳಿದದ್ದರಲ್ಲಿ ಮೇಜಿಗೆ ನಾಲ್ಕು ಕಾಲು ಬರುತ್ತವೆ, ಕೆಳಗಿನ ಚೌಕಟ್ಟು ಬರುತ್ತದೆ. ಮೇಲೆ ಹಾಸಲು ಹಲಗೆ ಬರುವುದಿಲ್ಲ. ಅದು ಬರಬೇಕಾದದ್ದು ಬುಡದ ತುಂಡಿನಿಂದ. ಆ ತುಂಡು ಭಾರಕ್ಕೆ ಯಾರೂ ಎತ್ತದೆ ಇನ್ನೂ ರಸ್ತೆಬದಿಯಲ್ಲೇ ಇದೆ.

ಹತ್ತೂವರೆಗೆ ತುಂಡಕ್ಕ ಮತ್ತು ದರ್ಜಿ ತಳ್ಳುಗಾಡಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಬುಡ ಚರಂಡಿಯ ಕೆಸರಿನಲ್ಲಿ ಅರ್ಧ ಹೂತು ಮಲಗಿದೆ. ಯಾರೂ ಮುಟ್ಟದೆ ಬಿಟ್ಟದ್ದರಿಂದಲೇ ಒಂದು ಬಿರುಕೂ ಬಿದ್ದಿಲ್ಲ. ಅಷ್ಟರಲ್ಲಿ ಕಾಮಗಾರಿಯ ಎಂಜಿನಿಯರ್ ಜೀಪಿನಿಂದ ಇಳಿಯುತ್ತಾರೆ.

"ಸಾರ್, ಈ ತುಂಡು ನಮಗೆ ಕೊಡಿ," ಎನ್ನುತ್ತಾರೆ ದರ್ಜಿ.

"ಅದು ಕಸ ಕಣಮ್ಮ. ಚೂರು ಮಾಡೋ ಯಂತ್ರಕ್ಕೆ ಹೋಗುತ್ತೆ."

"ಕಸ ಆದ್ರೆ ಕೊಡೋಕೇನು ಸಾರ್?" ತುಂಡಕ್ಕ ಕೇಳುತ್ತಾರೆ.

"ಕಸ ಆದ್ರೂ ಸರ್ಕಾರಿ ಕಸ. ಬಿಸಾಡೋ ಅಧಿಕಾರ ನನಗಿದೆ, ಕೊಡೋ ಅಧಿಕಾರ ಇಲ್ಲ. ಮೇಲಿನ ಕಚೇರಿಗೆ ಅರ್ಜಿ ಹಾಕಿ."

ಆತ ಒರಟಾಗಿ ಮಾತಾಡುವುದಿಲ್ಲ. ಸಿಟ್ಟು ಬರಿಸುವುದು ಅದೇ. ಒಂದು ಮರವನ್ನು ಕಾಲು ಗಂಟೆಯಲ್ಲಿ ಉರುಳಿಸಲು ಬೀದಿಯವರಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದರ ಬುಡದ ಒಂದು ತುಂಡನ್ನು ಅದನ್ನು ಬೆಳೆಸಿದವರ ಮಗಳಿಗೆ ಕೊಡಬೇಕಾದರೆ ಮೇಲಿನ ಕಚೇರಿಯೇ ತಲೆದೂಗಬೇಕು. ಇಲ್ಲಿ ಕಳ್ಳರೂ ಇಲ್ಲ, ದುಷ್ಟರೂ ಇಲ್ಲ. ಎಲ್ಲರೂ ನಿಯಮದ ಪ್ರಕಾರವೇ ಇದ್ದಾರೆ. ಹಾಳಾಗುತ್ತಿರುವುದು ಮರ ಮಾತ್ರ.

ತುಂಡಕ್ಕ ಗಾಡಿಯಿಂದ ಹಳೆಯ ಬಣ್ಣದ ಡಬ್ಬಿ ತೆಗೆದು, ಸೀರೆ ಎತ್ತಿಕಟ್ಟಿ ಕೆಸರಿಗಿಳಿದು, ಬುಡದ ಎರಡೂ ತುದಿ ಒರೆಸಿ ಹಸಿರು ಬಣ್ಣ ಬಳಿಯತೊಡಗುತ್ತಾರೆ.

"ಏನಮ್ಮ ಅದು?"

"ಒಪ್ಪಿಗೆ ಬರೋವರೆಗೆ ಬಿರಿಯದೆ ಇರಲಿ ಅಂತ. ಬಣ್ಣಕ್ಕೂ ಅರ್ಜಿ ಹಾಕ್ಬೇಕಾ ಸಾರ್?"

ಎಂಜಿನಿಯರ್ ಜೀಪು ಹತ್ತುತ್ತಾರೆ. ದರ್ಜಿ ಅಲ್ಲಿಂದ ನೇರವಾಗಿ ಮೇಲಿನ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬರುತ್ತಾರೆ.

ಮಧ್ಯಾಹ್ನ ಶೆಡ್ಡಿನಲ್ಲಿ ನಾಲ್ಕು ಕಾಲುಗಳನ್ನೂ ಚೌಕಟ್ಟಿನ ಪಟ್ಟಿಗಳನ್ನೂ ಅಟ್ಟಿಯಲ್ಲಿ ಒಣಗಲು ಇಡುತ್ತಾ ತುಂಡಕ್ಕ ಅವುಗಳ ಪಕ್ಕದಲ್ಲಿ ಒಂದು ಸಾಲು ಖಾಲಿ ಬಿಡುತ್ತಾರೆ. ನಿಮ್ಮ ಬೇಡಿಕೆ ಏನು ಎಂದು ಕೇಳಿದರೆ ಆಕೆ ದೊಡ್ಡ ಯಂತ್ರ ಕೇಳುವುದಿಲ್ಲ, ದೊಡ್ಡ ಶೆಡ್ಡೂ ಕೇಳುವುದಿಲ್ಲ.

"ಕಡೀಬೇಡಿ ಅಂದ್ರೆ ಯಾರು ಕೇಳ್ತಾರೆ? ಕಡೀರಿ. ಆದ್ರೆ ಒಂದೊಂದು ತುಂಡನ್ನೂ ಆಳುದ್ದ ಬಿಟ್ಟು ಕಡೀರಿ. ಮಿಕ್ಕಿದ್ದು ನಾನು ನೋಡಿಕೊಳ್ತೀನಿ."

ಗುರುವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಬುಡ ಎತ್ತಲಾಗದಷ್ಟು ಭಾರವಿದ್ದುದರಿಂದ ಕೆಲಸಗಾರರು ಅದನ್ನು ನಾಲ್ಕು ಹೋಳು ಮಾಡಿ ಹೇರಿಕೊಂಡು ಹೋದರು. ಎರಡು ಹೋಳುಗಳ ಮೇಲೆ ಹಸಿರು ಬಣ್ಣವಿತ್ತು. ಮೇಲಿನ ಕಚೇರಿಯ ಒಪ್ಪಿಗೆ ಸೋಮವಾರ ಬಂತು. ಮೇಜಿನ ನಾಲ್ಕು ಕಾಲುಗಳು ಶೆಡ್ಡಿನಲ್ಲಿ ಒಣಗುತ್ತಿವೆ.