ಬಾಗಿಲಲ್ಲಿ ಕೂತ ಶಶಿಕಲಾ

ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಅಡ್ಡವಾಗಿ ಹತ್ತನೇ ತರಗತಿಯ ಶಶಿಕಲಾ ಕೂತುಬಿಟ್ಟಿದ್ದಳು. ಮಾಲೂರು ಕಡೆಯ ಆ ಶಾಲೆಯಲ್ಲಿ ನಾನು ಕನ್ನಡ ಟೀಚರ್. ಶಾಲೆಗೆ ಇಂಟರ್‌ನೆಟ್ ಬಂದ ಹೊಸತು. ವಿಜ್ಞಾನಕ್ಕೆ ಮೇಷ್ಟ್ರಿಲ್ಲದೆ, ಅದರಲ್ಲಿ ಸಿಗುವ ಪಾಠಗಳೇ ಮಕ್ಕಳಿಗೆ ಗತಿಯಾಗಿದ್ದವು. ಆದರೆ ಹೆಡ್‌ಮಾಸ್ಟರು ಹುಡುಗರನ್ನು ಮಾತ್ರ ಒಳಗೆ ಬಿಡುತ್ತಿದ್ದರು.

"ಏಳಮ್ಮ, ಹುಡುಗೀರು ಮುಟ್ಟಿ ಕಂಪ್ಯೂಟರ್ ಕೆಟ್ಟೋದ್ರೆ ಯಾರು ಜವಾಬ್ದಾರಿ?" ಎಂದು ಅವರು ಗದರಿದರು.

"ಪರೀಕ್ಷೆ ನಮಗೂ ಐತಲ್ಲ ಸಾರ್? ಫೇಲಾದ್ರೆ ಮನೇಲಿ ಮದ್ವೆ ಮಾಡ್ಬಿಡ್ತಾರೆ. ಅದಕ್ಯಾರು ಜವಾಬ್ದಾರಿ? ನಾನ್ ಏಳಲ್ಲ," ಎಂದಳು ಶಶಿಕಲಾ.

ನಾನೂ ಹೋಗಿ ಅವಳ ಪಕ್ಕ ಕೂತೆ. ಉಳಿದ ಹುಡುಗಿಯರೂ ಬಂದು ಕೂತರು. ಹೆಡ್‌ಮಾಸ್ಟರು ಗೊಣಗುತ್ತಲೇ ಎಲ್ಲರನ್ನೂ ಒಳಗೆ ಬಿಟ್ಟರು. ಪರದೆಯ ಮೇಲೆ ಬಡಿಯುವ ಹೃದಯ ಕಂಡ ಶಶಿಕಲಾ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆ ವರ್ಷ ಅವಳು ಪಾಸಾದಳು. ಆಮೇಲೆ ಯಾವ ಶಾಲೆಗೆ ವರ್ಗವಾದರೂ, ಹುಡುಗಿಯರನ್ನು ಹೊರಗೆ ನಿಲ್ಲಿಸಲು ನಾನು ಯಾರನ್ನೂ ಬಿಟ್ಟಿಲ್ಲ.