ಬಾಗಲದ ಹೆಸರು

ಎಂಬತ್ತನೇ ಇಸವಿ ಸುಮಾರಿಗೆ ನಾ ಇಳಕಲ್ಲಿನ ಒಂದು ದವಾಖಾನ್ಯಾಗ ನರ್ಸ್ ಇದ್ದೆ. ಒಂದಿನ ಹುಬ್ಬು ಒಡಕೊಂಡು ನೇಕಾರ ಹೆಣ್ಣುಮಗಳೊಬ್ಬಾಕಿ ಬಂದ್ಲು.

"ಗಂಡ ಹೊಡದ್ನೇನವಾ?" ರೂಢಿಯಂಗ ಕೇಳಿದೆ.

"ಗಂಡ ಎಲ್ಲಿ ಅದಾನ್ರಿ ಅಕ್ಕಾರ? ನನ್ನ ಗೆಳತಿ ಮಗ್ಗದ ಲಾಳಿ ತಗೊಂಡು ಹೊಡದ್ಲು. ಗಂಡ-ಹೆಂಡ್ತಿ ಇದ್ದಂಗ ಇರ್ತೇವಿ. ಗಂಡ ಹೊಡದ್ರ ಹಿರ್ಯಾರು ಕೂಡಿ ಬುದ್ಧಿ ಹೇಳ್ತಾರ. ನಾ ಯಾರ್ನ ಕೂಡಸ್ಲಿ?"

ಇಂಥಾ ಮನಿ ಊರಾಗ ನಂದೊಂದೇ ಅಂತ ನಾ ಅಲ್ಲೀತನಕ ತಿಳಿದಿದ್ದೆ.

ಹೊಲಿಗಿ ಹಾಕೂಮುಂದ ನನ್ನ ಮುಂಗೈ ನೀಲಿಗಟ್ಟಿದ್ದು ಆಕಿಗೆ ಕಂಡಿತು. "ನಿಮಗೇನಾತ್ರಿ?"

"ಬಾಗಲಾ ಬಡೀತು."

"ನಿಮ್ಮ ಬಾಗಲದ ಹೆಸರೇನ್ರಿ?" ಅಂದ್ಲು. ನಗಲಿಲ್ಲ.

ನಾ ದಾರ ಕತ್ತರಿಸಿದೆ.

ಸಂಜಿಗೆ ಮನಿಗೆ ಹೋದ್ರ ನನ್ನ ಬಾಗಲಾ ಹೆರಳು ಹಾಕ್ಕೊಂತ ಕುಂತಿತ್ತು. "ಚಹಾ ಇಡ್ಲೇನು?" ಅಂತ ಕೇಳ್ತು.