ಡ್ರೈವರಣ್ಣ ನಡೆದ ದಾರಿ

ನಮ್ಮ ಡ್ರೈವರಣ್ಣನ ಖಾಕಿ ಅಂಗಿಯ ಎಡಹೆಗಲು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಹಾಸನದ ವಿಶೇಷ ಮಕ್ಕಳ ಶಾಲೆಯೊಂದರ ವ್ಯಾನು ಓಡಿಸುತ್ತಿದ್ದರು. ನಡೆಯಲಾಗದ ಮಕ್ಕಳನ್ನು ಎತ್ತಿ ಇಳಿಸುವಾಗ ಜೊಲ್ಲೆಲ್ಲ ಆ ಹೆಗಲಿಗೇ. ಯಾರಾದರೂ ಮೂಗು ಮುರಿದರೆ, "ನಂಗೆ ಇದೇ ಸೆಂಟು ಕಣ್ರೀ, ಬುಡಿ," ಅನ್ನುತ್ತಿದ್ದರು.

ಅದೇ ಶಾಲೆಗೆ ವೀಲ್‌ಚೇರಿನಲ್ಲಿ ಹೋಗುತ್ತಿದ್ದ ನನ್ನ ಮಗಳು ದೊಡ್ಡವಳಾಗುತ್ತ ಬಂದಳು. ವೀಲ್‌ಚೇರ್ ಹೋಗುವಂಥ ಶೌಚಾಲಯ ಶಾಲೆಯಲ್ಲಿರಲಿಲ್ಲ. ಪ್ರತಿ ಸಲ ಯಾರಾದರೂ ಹೊತ್ತುಕೊಂಡೇ ಹೋಗಬೇಕು. ನಾಚಿಕೆಗೆ ಅವಳು ಅಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಅದನ್ನು ಮೊದಲು ಗಮನಿಸಿದವರು ಹೆತ್ತ ನಾನಲ್ಲ, ಅವಳನ್ನು 'ಪಾಪು' ಎನ್ನುತ್ತಿದ್ದ ಡ್ರೈವರಣ್ಣ.

ಶೌಚಾಲಯಕ್ಕೆಂದು ಶಾಲೆಯವರು ಕಾಲ್ನಡಿಗೆ ಇಟ್ಟುಕೊಂಡರು: ಅರಕಲಗೂಡಿನಿಂದ ಹೊರಟು ಹೊಳೆನರಸೀಪುರ, ಚನ್ನರಾಯಪಟ್ಟಣ ಸುತ್ತಿ ಹಾಸನಕ್ಕೆ. ನಡೆದಷ್ಟು ದೂರಕ್ಕೆ ದಾನಿಗಳು ಹಣ ಕೊಡುವ ಮಾತು. ನಡೆಯುವವರ ಹಿಂದೆ ವ್ಯಾನು ತರಬೇಕಾಗಿದ್ದ ಡ್ರೈವರಣ್ಣ ಕೀಲಿಕೈ ಬೇರೆಯವರಿಗೆ ಕೊಟ್ಟು, ಆ ಡೊಳ್ಳು ಹೊಟ್ಟೆ ಹೊತ್ತುಕೊಂಡು ನಡೆಯಲು ನಿಂತರು. ನಾನು, ಮಗಳು ವ್ಯಾನಿನಲ್ಲಿ.

ಹೊಳೆನರಸೀಪುರ ದಾಟಿದ ಮೇಲೆ ಒಂದು ಊರಿನಲ್ಲಿ ಅಜ್ಜಿಯೊಬ್ಬರು ತಂಬಿಗೆ ನೀರು ಹಿಡಿದು ಅಡ್ಡ ಬಂದರು. ಹರಕೆ ಹೊತ್ತು ಹೊರಟವರೆಂದು ತಿಳಿದು ಕಾಲು ತೊಳೆಯಲು ಬಂದಿದ್ದರು.

"ಅರಕೆ ಅಲ್ಲ ಕಣಜ್ಜಿ, ಇಸ್ಕೂಲ್ ಮಕ್ಳಿಗೆ ಕಕ್ಕಸ್ ಕಟ್ಸಕ್ಕೆ!" ಎಂದರು ಡ್ರೈವರಣ್ಣ.

"ಕಕ್ಕಸ್ಗಾ? ಆಗ್ಲಿ ತಗಾ, ಅದೂ ನಡ್ಯೋ ಕಾಲೇ ಅಲ್ವೇನ್ಲಾ," ಎಂದ ಅಜ್ಜಿ ಬೂಟು ಬಿಚ್ಚಿಸಿಯೇ ಬಿಟ್ಟರು. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಸಕ್ಕರೆ ಕಾಯಿಲೆಯ ಆ ಕಾಲಿಗೆ ಗಾಯವಾದದ್ದೇ ಗೊತ್ತಾಗಿರಲಿಲ್ಲ.

"ಸಾಕಣ್ಣ, ವ್ಯಾನ್ ಹತ್ತಿ," ಎಂದೆ.

"ಒಪ್ಕಂಡಿವ್ನಿ ಅಕ್ಕ, ಮುಗಿಸ್ಬುಡ್ತೀನಿ. ಇಲ್ದಿದ್ರೆ ಪಾಪುಗೆ ಏನಂತ ಏಳ್ಲಿ?"

ನಾನು ಮತ್ತೆ ಒತ್ತಾಯಿಸಲಿಲ್ಲ. ಅವರು ಎದ್ದು ನಡೆದಾಗ ನನಗೆ ಒಳಗೊಳಗೇ ಸಮಾಧಾನವಾಯಿತು, ಶೌಚಾಲಯ ಆಗುತ್ತದಲ್ಲ ಎಂದು. ಹಾಳು ಮನಸ್ಸು.

ಶೌಚಾಲಯವಾಯಿತು. ಅವರ ಗಾಯ ಮಾಯಲಿಲ್ಲ, ಡಾಕ್ಟರು ಪಾದವನ್ನೇ ತೆಗೆದರು. ಕ್ಷಮೆ ಕೇಳಬೇಕೆಂದು ಆಸ್ಪತ್ರೆಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಕೇಳಿದರು: "ಪಾಪು ಒಬ್ಳೇ ಓಯ್ತಾಳಾ ಅಕ್ಕ?"

"ಹೂಂ ಅಣ್ಣ. ಒಳಗಿಂದ ಚಿಲಕನೂ ಹಾಕ್ಕೊಳ್ತಾಳೆ."

ಅವರ ಮುಖ ಅರಳಿದ್ದು ನೋಡಿ ನಾನೂ ನಕ್ಕುಬಿಟ್ಟೆ. ಜೋಡಿಸಿಕೊಂಡಿದ್ದ ಮಾತು ಹಾಗೇ ಉಳಿಯಿತು.

ಸ್ವಲ್ಪ ದಿನಕ್ಕೇ ಅವರು ತೀರಿಕೊಂಡರು. ಅವರ ಹೆಂಡತಿಯ ಹತ್ತಿರವಾದರೂ ಹೇಳಿಕೊಳ್ಳೋಣವೆಂದು ಆಗಾಗ ಹೋಗುತ್ತೇನೆ. ಕಾಫಿ ಲೋಟ ಕೈಗಿಟ್ಟು ಅವರೂ ಮೊದಲು ಕೇಳುವುದು ನನ್ನ ಮಗಳ ಬಗ್ಗೆಯೇ.